ಲಾಭ, ಎರಡು, ಮೂರು

ಎಪಿಎಂಸಿಯೊಳಗ ಮೂವತ್ತೊಂದು ವರ್ಷ
ಒಣದ್ರಾಕ್ಷಿ ಬಾಕ್ಸು ಎಣಿಸೀನಿ ನಾನು.
ಒಂದು ಅನ್ನೂದಿಲ್ಲ ನಮ್ಮಲ್ಲಿ, ಲಾಭ ಅಂತೀವಿ.
ಲಾಭ, ಎರಡು, ಮೂರು,
ಕಿವಿಮ್ಯಾಲೆ ಪೆನ್ಸಿಲ್, ಬಾಯಾಗ ಎಲಿ,
ಐದಕ್ಕೊಂದು ಅಡ್ಡಗೀಟು.
ಈಗ ಮುತ್ಯಾಗ ಎಣಿಸಾಕ ಏನೂ ಇಲ್ಲ ಅಂತ
ಮೊಮ್ಮಗಳು ಶಾಂಭವಿ
ಫೋನಿನಾಗ ಒಂದು ಹರಾಜು ಹಾಕಿಕೊಟ್ಟಾಳು.

ತೆರೆದ ಕೂಡಲೇ ಹಣಿಬರಹದಂಗ ಮ್ಯಾಲೆ ಬರದಿರತೈತಿ:
ಇಂದು ಹರಾಜಿನಲ್ಲಿ ೪೧,೦೭,೨೧೬ ವಸ್ತುಗಳು.
ನಲವತ್ತೊಂದು ಲಕ್ಷ!
ಗಾಂಧಿ ಚೌಕದಿಂದ ಉಪ್ಪಲಿ ಬುರುಜಿನ ತನಕ
ಹಾದಿಗೆ ಹಾಸಿದರೂ ಉಳದಾವು.
ಆದರ ನೋಡ್ರಿ, ಕೊನೀಗೆ ಆ ಹದಿನಾರು,
ಅದನ್ನ ನಂಬಲಿಲ್ಲ ನಾನು.
ಸುಳ್ಳು ಹೇಳಾಂವ ದುಂಡ ಸಂಖ್ಯೆ ಹೇಳೂದಿಲ್ಲ,
ಚಿಲ್ಲರಿ ಕೂಡಿಸಿ ಹೇಳತಾನ.

ಎಲ್ಲಾ ಎಣಿಸೂದು ಆಗದ ಮಾತು.
ಅಡಕೊತ್ತು ಅಂತ ಒಂದ ಮಾಲು ಹಿಡದೆ.
ಸಾವಿರದ ಮುನ್ನೂರಾ ಹನ್ನೆರಡು ಅದಾವ ಅಂತು.
ಹಳೇ ಡೈರಿ ತಗದು ಗೀಟು ಹಾಕ್ಕೋತ ಕುಂತೆ,
ಚಾ ಆರಿತು, ಕರೆಂಟ್ ಹೋಗಿ ಬಂತು,
ತೊಂಬತ್ತಾರಕ್ಕ ಬೆರಳು ನಿಂತಿತು.
ಎಷ್ಟು ಜಗ್ಗಿದರೂ
ಒಂದು ಸಣ್ಣ ಚಕ್ರ ತಿರಗತೈತಿ,
ಇನ್ನೂ ಇವೆ ಅಂತೈತಿ,
ಬರೂದಿಲ್ಲ.

ಆ ತೊಂಬತ್ತಾರರಾಗೂ
ಕೊಕ್ಕು ಮುರದ ಹಿತ್ತಾಳಿ ಗಿಳಿ ಒಂದು
ಹನ್ನೊಂದು ಸಲ ಕುಂತಿತ್ತು.
ಮಿರಜಿನಾಗ ಒಮ್ಮೆ, ಸೂರತದಾಗ ಒಮ್ಮೆ,
ಒಂದ ಕಡೆ ರಾಜಮನೆತನದ್ದು, ಒಂದ ಕಡೆ ಹೊಸಾದು,
ಅದ ಕೊಕ್ಕು, ಅದ ಕೆಂಪು ಚಾದರು,
ಮೂಲ್ಯಾಗ ಅದ ಯಾರದೋ ಹೆಬ್ಬೆರಳು.
ಗುಮ್ಮಟದಾಗ ಒಮ್ಮೆ ಚಪ್ಪಾಳಿ ಹೊಡದು
ಏಳು ಎಣಿಸಿಕೊಂಡು ಬಂದ ಹುಡುಗೂರಂಗ
ಒಬ್ಬನ ನಕ್ಕೆ.

ಶಾಂಭವಿ ಅಂದಳು: ಮುತ್ಯಾ,
ಮಂದಿ ಬರಬೇಕಂದ್ರ ಅಂಗಡಿ ತುಂಬಿ ಕಾಣಬೇಕಲ್ಲ?

ಆ ಮಾತು ನನಗ ಹಳೇದು.
ಅಡತಿ ಗುರಸಿದ್ದನ ಗೋದಾಮಿನಾಗ ಒಂದ ಸಲ
ಥಪ್ಪಿಯ ಹೊಟ್ಟಿ ಟೊಳ್ಳ ಇಟ್ಟಿದ್ದರು,
ಸಾಲ ಕೊಡೂ ಬ್ಯಾಂಕಿನವರು ಹೊರಗ ಸುತ್ತಿ ನೋಡಿದರು.
ನಾ ಬಾಕ್ಸಿನ ಸಂದಿಯೊಳಗ ಕೈ ತೂರಿಸಿದೆ,
ಮೊಣಕೈ ತನಕ ಹೋತು, ಆಮ್ಯಾಲೆ ಭುಜದ ತನಕ,
ಒಳಗ ತಣ್ಣನ ಗಾಳಿ.
ಆದರೂ ಆರನೂರು ಅಂತ ಬರದೆ.
ಅಲ್ಲ, ಆರನೂರಾ ಏಳು.
ಆ ಏಳು ನಂದ. ಯಾರೂ ಹೇಳಿರಲಿಲ್ಲ.

ಇದನ್ನ ಹುಡುಗಿಗೆ ಹೇಳಲಿಲ್ಲ.

ರಾತ್ರಿ ಮತ್ತ ಜಗ್ಗಿದರ ಬಂತು ತೊಂಬತ್ತೇಳನೇದು,
ನಮ್ಮ ಮನೀದು.
ನಿಂಬೆವ್ವ ತೀರಿದ ವರ್ಷ ಅಳಿಯ ಇದರಾಗ ಮಾರಿದ್ದ,
ಮುನ್ನೂರಾ ನಲವತ್ತಕ್ಕ. ರೊಕ್ಕನೂ ಬಂದಿತ್ತು.
ಅರಬಿಯೊಳಗ ಸುತ್ತಿ ಅಂಚೆಗೆ ಕೊಟ್ಟಾಂವ ನಾನ.
ಹಿಡಿಕಿಗೆ ಆಕಿ ಸುತ್ತಿದ ಹಸರು ದಾರ ಹಂಗ ಐತಿ,
ಹಿಂದ ನಮ್ಮ ಕಟ್ಟಿಯ ಶಹಾಬಾದ ಕಲ್ಲು.
ಹರಾಜು ನಡೆಯುತ್ತಿದೆ. ಕೂಗಿದವರು: ೩.

ಹೋದ ಮಾಲಿಗೆ ಯಾರು ಸವಾಲು ಕೂಗತಾರ?
ನೋಡೇ ಬಿಡೂಣು ಅಂತ
ಮುನ್ನೂರಾ ಐವತ್ತು ಒತ್ತಿದೆ.
ರೆಪ್ಪಿ ಬಡಿಯೂದರೊಳಗ
ಯಾರೋ ಅರವತ್ತು ಅಂದರು.
ಎಪ್ಪತ್ತು ಅಂದೆ. ಎಂಬತ್ತು ಅಂದರು.
ಮನುಷ್ಯಾ ಹಂಗ ಕೂಗೂದಿಲ್ಲ, ನಾ ಬಲ್ಲೆ.
ಮನುಷ್ಯಾ ಮೂಗು ತಿಕ್ಕತಾನ,
ಬಾಜೂದವನ ಮಾರಿ ನೋಡತಾನ,
ಟವೆಲ್ಲಿನ ಕೆಳಗ ಬೆರಳು ಹಿಡದು
ಒಂದು ಗಳಿಗಿ ಸುಮ್ಮನಾಗತಾನ.

ಆದರೂ ಫೋನು ಕೆಳಗಿಡಲಿಲ್ಲ.
ಅದು ನನಗ ಬೇಕು ಅಂತ ಈ ಹೊತ್ತಿನಾಗ
ಯಾರಾದರೂ, ಏನಾದರೂ, ಅನ್ನಾಕ ಹತ್ತೇತಲ್ಲ.
ಐನೂರಾ ಹತ್ತರ ತನಕ ಹ್ವಾದೆ.

ಆ ತೊಂಬತ್ತೇಳನೇದಕ್ಕ
ಗೀಟು ಹಾಕಲೋ ಬ್ಯಾಡೋ ಇನ್ನೂ ತಿಳದಿಲ್ಲ.
ಡೈರಿ ತೆರದ ಐತಿ.
ಪೆನ್ಸಿಲ್ ಕಿವಿಮ್ಯಾಲೆ.